ದೆಹಲಿಯ ಚಳಿಗಾಲ ಮತ್ತು ಮಿತವ್ಯಯದ ಚರಿತ್ರೆ

ದೀಪಾವಳಿಯ ಹಣತೆಗಳನ್ನು ತೊಳೆದು ತೆಗೆದಿಟ್ಟ ಮರುವಾರವೇ ದೆಹಲಿಯ ಮನೆಗಳಲ್ಲಿ ಟ್ರಂಕುಗಳ ಬಾಯಿ ತೆರೆಯುತ್ತದೆ. ನುಸಿಗುಳಿಗೆಯ ವಾಸನೆ ಓಣಿಯ ತುಂಬ ಹರಡುತ್ತದೆ. ಬಾಲ್ಕನಿ, ಮಾಳಿಗೆ, ಕಾಲೋನಿಯ ಹುಲ್ಲುಹಾಸು, ಹೀಗೆ ಎಲ್ಲಿ ನಾಲ್ಕು ಗಳಿಗೆ ಬಿಸಿಲು ಬೀಳುತ್ತದೋ ಅಲ್ಲೆಲ್ಲ ರಜಾಯಿಗಳು, ಕಂಬಳಿಗಳು, ಕಳೆದ ವರ್ಷದ ಸ್ವೆಟರುಗಳು ಮೈಚಾಚಿ ಮಲಗುತ್ತವೆ. ಊರಿನಿಂದ ಹೊಸದಾಗಿ ಬಂದ ಕನ್ನಡಿಗನಿಗೆ ಇದು ಉತ್ತರ ದೇಶದ ಯಾವುದೋ ಹಬ್ಬವೆಂದು ತೋರಿದರೆ ಆಶ್ಚರ್ಯವಿಲ್ಲ. ನಮಗೂ ಹಾಗೆಯೇ ತೋರಿತ್ತು. ಸರ್ಕಾರ ತನ್ನ ಮುಂಗಡಪತ್ರವನ್ನು ಫೆಬ್ರವರಿಯಲ್ಲಿ ಮಂಡಿಸಿದರೆ, ದೆಹಲಿಯ ಗೃಹಿಣಿ ತನ್ನ ಮುಂಗಡಪತ್ರವನ್ನು ನವೆಂಬರಿನ ಬಿಸಿಲಿನಲ್ಲಿ ಮಂಡಿಸುತ್ತಾಳೆ ಎಂಬುದು ತಿಳಿಯಲು ನಮಗೆ ಒಂದು ಚಳಿಗಾಲವೇ ಹಿಡಿಯಿತು.

ಕಡಿಮೆ ಖರ್ಚಿನಲ್ಲಿ ಮನೆಯನ್ನು ಚಳಿಗೆ ಸಿದ್ಧಪಡಿಸುವುದು ಹೇಗೆ ಎಂಬುದನ್ನು ಈ ನಗರ ಒಂದು ದಿನದಲ್ಲಿ ಕಲಿತದ್ದಲ್ಲ. ಅದರ ಹಿಂದೆ ನೂರಾರು ವರ್ಷಗಳ ಅನುಭವವಿದೆ. ಅರಸರ ಚರಿತ್ರೆ ನಮಗೆ ಪಠ್ಯಪುಸ್ತಕದಲ್ಲಿ ಸಿಕ್ಕುತ್ತದೆ. ರಜಾಯಿಯ ಚರಿತ್ರೆ ಸಿಕ್ಕುವುದಿಲ್ಲ. ಆದುದರಿಂದ, ನಮ್ಮ ಅಲ್ಪ ಅನುಭವವನ್ನೂ ಓದಿ ತಿಳಿದ ನಾಲ್ಕು ಸಂಗತಿಗಳನ್ನೂ ಸೇರಿಸಿ ಬಂಧುಗಳ ಮುಂದಿಡುವ ಪ್ರಯತ್ನವಿದು.

ನಮ್ಮ ಮೊದಲ ಚಳಿ

ನಾವು ವಿಜಾಪುರ ಸೀಮೆಯವರು. ಕೇಂದ್ರ ಸರ್ಕಾರದ ಗುಮಾಸ್ತೆಗಿರಿ ಸಿಕ್ಕಿ ದೆಹಲಿಗೆ ಬಂದದ್ದು 2005ರಲ್ಲಿ. ಮುನಿರ್ಕಾದಲ್ಲಿ ಒಂದು ಮನೆಯ ಮಾಳಿಗೆಯ ಮೇಲಿನ ಒಂಟಿ ಕೋಣೆ ನಮ್ಮ ಬಿಡಾರ. ಅಲ್ಲಿ ನಾವು, ನಮ್ಮ ಮನೆಯವರು, ನಮ್ಮ ತಾಯಿ. ಬಿಸಿಲಿಗೆ ಹೆದರದ ನಾಡಿನಿಂದ ಬಂದವರಿಗೆ ಚಳಿ ಎಂದರೆ ಸಂಕ್ರಾಂತಿಯ ಮುಂಜಾವಿನಲ್ಲಿ ಬೆಲ್ಲದ ಚಹಾ ರುಚಿಸುವಂತೆ ಮಾಡುವ ಒಂದು ಸುಖ, ಅಷ್ಟೆ. ತಾಯಿ ಊರಿನಿಂದ ತಂದಿದ್ದ ಒಂದು ಕೌದಿ, ನಾವು ಕೊಂಡ ಎರಡು ತೆಳು ಹೊದಿಕೆ, ಇಷ್ಟರಲ್ಲಿ ಚಳಿಗಾಲ ಕಳೆಯುತ್ತದೆಂದು ಲೆಕ್ಕ ಹಾಕಿದ್ದೆವು.

ಲೆಕ್ಕ ತಪ್ಪಿತು. 2006ರ ಜನವರಿ 8ರಂದು ಸಫ್ದರ್‌ಜಂಗ್‌ ಹವಾಮಾನ ಕೇಂದ್ರದಲ್ಲಿ ಕನಿಷ್ಠ ಉಷ್ಣಾಂಶ 0.2 ಡಿಗ್ರಿಗೆ ಇಳಿಯಿತು. ಅದೇ ಕೇಂದ್ರದಲ್ಲಿ 1935ರ ಜನವರಿ 16ರಂದು ಸೊನ್ನೆಗಿಂತ 0.6 ಡಿಗ್ರಿ ಕೆಳಗೆ ಇಳಿದಿತ್ತು. ಆ ಬಳಿಕ ಎಪ್ಪತ್ತು ವರ್ಷಗಳಲ್ಲಿ ದೆಹಲಿ ಇಂಥ ಚಳಿ ಕಂಡಿರಲಿಲ್ಲವೆಂದು ಪತ್ರಿಕೆಗಳು ಬರೆದವು. ನಮಗಂತೂ ಎಪ್ಪತ್ತು ವರ್ಷದ ಹೋಲಿಕೆ ಬೇಕಿರಲಿಲ್ಲ. ನಲ್ಲಿಯ ನೀರು ಮುಟ್ಟಿದರೆ ಕೈ ಸುಟ್ಟಂತಾಗುತ್ತಿತ್ತು.

ಅಗ್ಗಿಷ್ಟಿಕೆಯ ಪಾಠ

ಆ ವಾರ ಕಚೇರಿಯ ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಅಂಗೀಠಿಯನ್ನು ಕೊಟ್ಟರು. ಹಳೆಯ ತಗಡಿನ ಬಕೆಟ್ಟಿಗೆ ಒಳಗಡೆ ಮಣ್ಣು ಮೆತ್ತಿ, ಕೆಳಗೆ ಗಾಳಿಗೆ ಬಾಯಿ ಬಿಟ್ಟು, ನಡುವೆ ಕಬ್ಬಿಣದ ಸರಳು ಕೂಡಿಸಿದರೆ ಅದೇ ಅಂಗೀಠಿ. ನಮ್ಮ ಕನ್ನಡದ ಅಗ್ಗಿಷ್ಟಿಕೆಯೂ ಹಿಂದಿಯ ಅಂಗೀಠಿಯೂ ಒಂದೇ ತಾಯಿಯ ಮಕ್ಕಳು. ಎರಡೂ ಸಂಸ್ಕೃತದ ‘ಅಗ್ನಿಷ್ಠಿಕಾ’ ಎಂಬ ಶಬ್ದದಿಂದ ಹುಟ್ಟಿದವು. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಕಂಡವರಿಗೆ ಅದು ಅಪರಿಚಿತ ವಸ್ತುವಲ್ಲ.

ಅಡುಗೆ ಅನಿಲ ಮನೆಮನೆಗೆ ಬರುವ ಮುಂಚೆ ದೆಹಲಿಯ ಸಣ್ಣ ಸಂಬಳದವರ ಒಲೆಯೂ ಅದೇ, ಹೀಟರೂ ಅದೇ. ನವದೆಹಲಿಯನ್ನು ಕಟ್ಟುವಾಗ ದೊಡ್ಡ ಅಧಿಕಾರಿಗಳ ಬಂಗಲೆಗಳಲ್ಲಿ ಗೋಡೆಗೆ ಬೆಂಕಿಗೂಡು, ಅದಕ್ಕೆ ಹೊಗೆಕೊಳವೆ ಇಟ್ಟು ಕಟ್ಟಿದರು. ಸಾಮಾನ್ಯರ ಮನೆಗೆ ಕೈಯಲ್ಲಿ ಎತ್ತಿ ಒಯ್ಯುವ ಅಂಗೀಠಿಯೇ ಗತಿ. ಕಲ್ಲಿದ್ದಲ ಮೂಟೆಯ ತಳದಲ್ಲಿ ಉಳಿಯುವ ಪುಡಿಯನ್ನೂ ಗೃಹಿಣಿಯರು ಚೆಲ್ಲುತ್ತಿರಲಿಲ್ಲ. ಅದಕ್ಕೆ ಜೇಡಿಮಣ್ಣು, ಸಗಣಿ ಬೆರೆಸಿ, ಉಂಡೆ ಕಟ್ಟಿ, ಚಳಿ ಬರುವ ಮುಂಚಿನ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಒಣಗಿಸುತ್ತಿದ್ದರು. ಒಂದೊಂದು ಉಂಡೆ ಸಾವಕಾಶವಾಗಿ, ಬಹಳ ಹೊತ್ತು ಉರಿಯುತ್ತಿತ್ತು. ನಮ್ಮ ಹಳ್ಳಿಯ ಕುಳ್ಳು ತಟ್ಟುವ ಹೆಣ್ಣುಮಕ್ಕಳ ಜಾಣತನವೇ ಇಲ್ಲಿ ಕಲ್ಲಿದ್ದಲಿಗೆ ಒಗ್ಗಿತ್ತು.

ಇರಲಿ. ನಾವು ಅಂಗೀಠಿಯನ್ನು ಹೊತ್ತಿಸಿ, ಹೊಗೆ ಹೋದ ಮೇಲೆ ಕೆಂಡವನ್ನು ಕೋಣೆಯೊಳಗೆ ತಂದಿಟ್ಟುಕೊಂಡೆವು. ಕಾವು ಹೊರಗೆ ಹೋಗಿ ವ್ಯರ್ಥವಾದೀತೆಂದು ಗವಾಕ್ಷಿಗೆ ಹಳೆಯ ಪತ್ರಿಕೆಗಳನ್ನು ತುರುಕಿದೆವು. ಬಾಗಿಲ ಕೆಳಗಿನ ಸಂದಿಗೂ ಮಡಚಿದ ಹಾಳೆ ಇಟ್ಟೆವು. ಕೋಣೆ ಬೆಚ್ಚಗಾಯಿತು. ನಮ್ಮ ಮಿತವ್ಯಯದ ಬಗ್ಗೆ ನಮಗೇ ಮೆಚ್ಚಿಕೆಯಾಗಿ ಮಲಗಿದೆವು.

ನಡುರಾತ್ರಿ ತಾಯಿ ನೀರು ಕುಡಿಯಲೆಂದು ಎದ್ದವರು ಎರಡು ಹೆಜ್ಜೆ ಇಟ್ಟು ಕುಸಿದು ಬಿದ್ದರು. ಸಪ್ಪಳಕ್ಕೆ ನಮಗೆ ಎಚ್ಚರವಾಯಿತು. ಆದರೆ ಎದ್ದು ಕೂಡಲು ಆಗಲಿಲ್ಲ. ತಲೆ ಸಿಡಿಯುತ್ತಿತ್ತು, ಕೈಕಾಲು ನಮ್ಮ ಮಾತು ಕೇಳುತ್ತಿರಲಿಲ್ಲ. ಕೆಳಗಿನ ಮನೆಯ ಯಜಮಾನಿತಿ ಏನೋ ಬಿದ್ದ ಸದ್ದು ಕೇಳಿ ಮೇಲೆ ಬಂದು ಬಾಗಿಲು ಬಡಿದರು. ಮನೆಯವರು ತೆವಳುತ್ತ ಹೋಗಿ ಚಿಲಕ ತೆಗೆದರು. ಆ ತಾಯಿ ಒಳಗೆ ನೋಡಿದ್ದೇ ತಡ, ಅಂಗೀಠಿಯನ್ನು ಎತ್ತಿ ಹೊರಗೆ ಒಯ್ದು, ಗವಾಕ್ಷಿಯ ಕಾಗದವನ್ನು ಕಿತ್ತೆಸೆದು, ನಮ್ಮನ್ನೆಲ್ಲ ಮಂಜು ಸುರಿಯುವ ಮಾಳಿಗೆಯ ಮೇಲೆ ಕೂಡಿಸಿದರು. ನಮ್ಮ ತಾಯಿಗೆ ಪೂರ್ಣ ತಿಳಿವು ಬರಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯನ್ನು ನಾವು ಇಂದಿಗೂ ಮರೆತಿಲ್ಲ.

ನಾಚಿಕೆಯ ಸಂಗತಿ ಎಂದರೆ ನಾವು ಬಿ.ಎಸ್ಸಿ. ಓದಿದವರು. ಕೆಂಡಕ್ಕೆ ಸಾಕಷ್ಟು ಗಾಳಿ ಸಿಗದಿದ್ದರೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದೆವು. ಓದು ಬಾರದ ಆ ಯಜಮಾನಿತಿಗೆ ಸೂತ್ರ ಗೊತ್ತಿರಲಿಲ್ಲ, ಅಪಾಯ ಗೊತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿ ಸತ್ತವರ ಸುದ್ದಿ ಉತ್ತರ ಭಾರತದ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲವೂ ಬರುತ್ತದೆ. ಬಂಗಲೆಯ ಬೆಂಕಿಗೂಡಿಗೆ ಹೊಗೆಕೊಳವೆ ಇತ್ತು, ಬಡವನ ಅಂಗೀಠಿಗೆ ಇರಲಿಲ್ಲ. ಚಳಿಯ ಚರಿತ್ರೆಯಲ್ಲಿ ಈ ವ್ಯತ್ಯಾಸಕ್ಕೆ ತೆತ್ತ ಪ್ರಾಣಗಳ ಲೆಕ್ಕ ಇಟ್ಟವರಾರು?

ಮರುದಿನ ಆಕೆ ನಮಗೆ ಹೇಳಿದ ಮಾತಿನ ತಾತ್ಪರ್ಯ ಇಷ್ಟು: ಕೋಣೆಯನ್ನು ಬೆಚ್ಚಗೆ ಮಾಡುವುದು ದುಬಾರಿಯ ಕೆಲಸ, ಮೈಯನ್ನು ಬೆಚ್ಚಗೆ ಇಡುವುದು ಅಗ್ಗದ ಕೆಲಸ. ಒಂದು ಚಳಿಗಾಲ ಸುಡುವ ಇದ್ದಲಿನ ಹಣದಲ್ಲಿ ಒಂದು ರಜಾಯಿ ಬರುತ್ತದೆ, ಅದು ಹತ್ತಾರು ಚಳಿಗಾಲ ಬಾಳುತ್ತದೆ. ಹೀಗೆ ಹೇಳಿ ತಮ್ಮ ಮನೆಯ ಹೆಚ್ಚಿನ ಎರಡು ರಜಾಯಿಗಳನ್ನು ಫೆಬ್ರವರಿ ಮುಗಿಯುವವರೆಗೆ ನಮಗೆ ಕೊಟ್ಟರು.

ಪಿಂಜಾರನ ಬಿಲ್ಲು

ಮರುವರ್ಷದ ಅಕ್ಟೋಬರಿನಲ್ಲಿ ಒಂದು ಮುಂಜಾನೆ ಓಣಿಯಲ್ಲಿ ‘ತಂಯ್, ತಂಯ್’ ಎಂಬ ನಾದ ಕೇಳಿಬಂತು. ತಾಯಿ ಕೈಯಲ್ಲಿದ್ದ ಸೌಟನ್ನು ಅಲ್ಲಿಯೇ ಬಿಟ್ಟು ಹೊರಗೆ ಓಡಿದರು. ಹೆಗಲ ಮೇಲೆ ಆಳುದ್ದದ ಬಿಲ್ಲು, ಕೈಯಲ್ಲಿ ಮರದ ಕೊಡತಿ ಹಿಡಿದ ಮುದುಕನೊಬ್ಬ ನಿಂತಿದ್ದ. “ಅಯ್ಯ, ಇಂವ ನಮ್ಮೂರ ಪಿಂಜಾರನಲ್ಲೇನು!” ಎಂದರು ತಾಯಿ. ಹಿಂದಿ ಬಾರದ ಅವರೂ, ಕನ್ನಡ ಕೇಳದ ಅವನೂ ಹತ್ತಿಯ ದರವನ್ನು ಬೆರಳೆಣಿಸಿ ತೀರ್ಮಾನಿಸಿಬಿಟ್ಟರು.

ಇಲ್ಲಿ ಅವನನ್ನು ಧುನಿಯಾ ಎನ್ನುತ್ತಾರೆ. ಧುನ್ನಾ ಎಂದರೆ ಹಿಂಜುವುದು. ನಮ್ಮಲ್ಲಿ ಪಿಂಜಾರ, ನದಾಫ. ‘ನದಾಫ’ ಎಂಬುದು ಹತ್ತಿ ಹಿಂಜುವವನನ್ನು ಸೂಚಿಸುವ ಅರಬ್ಬಿ ಶಬ್ದ. ಬಿಲ್ಲಿನಿಂದ ಹತ್ತಿ ಹಿಂಜುವ ವಿದ್ಯೆ ತುರುಕರ ಜೊತೆಯಲ್ಲಿ ಉತ್ತರ ಭಾರತಕ್ಕೆ ಬಂದಿತೆಂದು ಇತಿಹಾಸಕಾರ ಇರ್ಫಾನ್ ಹಬೀಬರು ವಾದಿಸಿದ್ದಾರೆ. ದಕ್ಷಿಣದ ನೇಕಾರಿಕೆಯನ್ನು ಅಭ್ಯಾಸ ಮಾಡಿದ ವಿಜಯಾ ರಾಮಸ್ವಾಮಿಯವರು ಅದು ಇಲ್ಲಿ ಇನ್ನೂ ಮೊದಲೇ ಇತ್ತೆಂದು ಹೇಳುತ್ತಾರೆ. ಬಿಲ್ಲು ಯಾವಾಗ ಬಂದಿರಲಿ, ಅದರ ಕೆಲಸ ಮಾತ್ರ ದೆಹಲಿಯಲ್ಲೂ ವಿಜಾಪುರದಲ್ಲೂ ಒಂದೇ. ನರಿನ ಹುರಿಯನ್ನು ಹತ್ತಿಯ ರಾಶಿಗೆ ತಾಗಿಸಿ, ಕೊಡತಿಯಿಂದ ಮೀಟಿದರೆ ಹುರಿ ಕಂಪಿಸುತ್ತದೆ. ಗಂಟುಕಟ್ಟಿದ ಹತ್ತಿ ಎಳೆ ಎಳೆಯಾಗಿ ಬಿಡಿಸಿಕೊಂಡು ಹೊಗೆಯ ಹಾಗೆ ಮೇಲೇಳುತ್ತದೆ. ಕಸ, ಧೂಳು ಕೆಳಗೆ ಉದುರುತ್ತದೆ. ಆ ಧೂಳನ್ನು ದಿನವಿಡೀ ಉಸಿರಾಡುವ ಅವನ ಎದೆಯ ಗತಿಯನ್ನು ನಾವು ರಜಾಯಿ ಹೊದ್ದವರು ಯೋಚಿಸಿದವರಲ್ಲ.

ಇದರಲ್ಲಿ ಅಡಗಿರುವ ವಿಜ್ಞಾನ ಸರಳವಾದದ್ದು. ಹತ್ತಿ ತಾನಾಗಿ ಕಾವು ಕೊಡುವುದಿಲ್ಲ. ವಿಶ್ರಾಂತಿಯಲ್ಲಿರುವ ಮನುಷ್ಯನ ದೇಹವೇ ಸುಮಾರು 80ರಿಂದ 100 ವ್ಯಾಟ್‌ನಷ್ಟು ಶಾಖವನ್ನು ಹೊರಬಿಡುತ್ತಿರುತ್ತದೆ. ಒಂದು ಹಳೆಯ ಕಾಲದ ವಿದ್ಯುದ್ದೀಪದಷ್ಟು! ಆ ಶಾಖ ಓಡಿಹೋಗದಂತೆ ತಡೆಯುವುದಷ್ಟೇ ಹೊದಿಕೆಯ ಕೆಲಸ. ತಡೆಯುವುದು ಹತ್ತಿಗಿಂತ ಹೆಚ್ಚಾಗಿ ಎಳೆಗಳ ನಡುವೆ ಸಿಕ್ಕಿಕೊಂಡ ಅಲುಗಾಡದ ಗಾಳಿ. ಒಂದು ಚಳಿಗಾಲ ಮೈಯ ಕೆಳಗೆ, ಮೇಲೆ ಅಮುಕಿಸಿಕೊಂಡ ಹತ್ತಿ ಚಪ್ಪಟೆಯಾಗಿ ಗಾಳಿಯನ್ನು ಕಳೆದುಕೊಳ್ಳುತ್ತದೆ. ಅದರ ಮೇಲೆ ಹತ್ತಿ ತೇವವನ್ನು ಹೀರುವ ಗುಣದ್ದು. ಸಾಧಾರಣ ಹವೆಯಲ್ಲಿಯೇ ನೂರು ಗ್ರಾಂ ಒಣ ಹತ್ತಿ ಏಳೆಂಟು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಹಳೆಯ ರಜಾಯಿ ಭಾರವಾಗಿರುತ್ತದೆ, ಬೆಚ್ಚಗಿರುವುದಿಲ್ಲ. ಬಿಸಿಲಿಗೆ ಹಾಕಿದರೆ ನೀರು ಹೋಗುತ್ತದೆ, ಹಿಂಜಿದರೆ ಗಾಳಿ ಬರುತ್ತದೆ. ಹೊಸ ಹತ್ತಿ ಕೊಳ್ಳದೆ ಹಳೆಯ ಹತ್ತಿಯನ್ನೇ ಹೊಸದು ಮಾಡುವ ವಿದ್ಯೆ ಇದು. ಅದಕ್ಕೆ ತೆರಬೇಕಾದದ್ದು ಒಬ್ಬ ಮನುಷ್ಯನ ಒಂದು ದಿನದ ಕೂಲಿ ಮಾತ್ರ.

1947ರ ಚಳಿಗಾಲ

ಈ ವಿದ್ಯೆ ಒಂದು ಮನೆಯ ಮುಂಗಡಪತ್ರದ ವಿಷಯವಾಗಿರದೆ ಸಾವಿರಾರು ಜೀವಗಳ ವಿಷಯವಾದ ಚಳಿಗಾಲವೊಂದು ದೆಹಲಿಯ ಚರಿತ್ರೆಯಲ್ಲಿದೆ. ಅದು 1947ರದು.

ದೇಶ ಇಬ್ಭಾಗವಾಗಿ ಪಶ್ಚಿಮ ಪಂಜಾಬಿನಿಂದ ಬಂದ ನಿರಾಶ್ರಿತರು ಕಿಂಗ್ಸ್‌ವೇ ಶಿಬಿರದಲ್ಲಿ, ಕುರುಕ್ಷೇತ್ರದ ಬಯಲಿನಲ್ಲಿ ಡೇರೆಗಳಲ್ಲಿದ್ದರು. ಮನೆ ಬಿಟ್ಟು ಓಡಿದ ದೆಹಲಿಯ ಮುಸಲ್ಮಾನರು ಪುರಾನಾ ಕಿಲ್ಲಾದಲ್ಲಿ, ಹುಮಾಯೂನನ ಸಮಾಧಿಯ ಆವರಣದಲ್ಲಿ ತುಂಬಿಕೊಂಡಿದ್ದರು. ಎರಡೂ ಕಡೆಯವರು ಉಟ್ಟ ಬಟ್ಟೆಯಲ್ಲಿ ಹೊರಟವರು. ಆಗಸ್ಟ್‌, ಸೆಪ್ಟೆಂಬರಿನಲ್ಲಿ ಹೊರಟವರಿಗೆ ಕಂಬಳಿಯ ನೆನಪು ಎಲ್ಲಿಂದ ಬರಬೇಕು? ಅಕ್ಟೋಬರ್ ಬಂದಾಗ ರಾತ್ರಿಗಳು ತಣ್ಣಗಾಗತೊಡಗಿದವು, ಮಂಜು ಬೀಳತೊಡಗಿತು.

ಗಾಂಧೀಜಿ ಆಗ ಬಿರ್ಲಾ ಭವನದಲ್ಲಿದ್ದರು. ಪ್ರತಿ ಸಂಜೆಯ ಪ್ರಾರ್ಥನಾ ಸಭೆಯಲ್ಲಿ ಕೊಲೆ, ಸೇಡು, ಸೌಹಾರ್ದದ ಮಾತುಗಳ ನಡುವೆ ಅವರು ಕಂಬಳಿ, ರಜಾಯಿಗಳ ಮಾತನ್ನೂ ಆಡಿದರು. ಇದ್ದವರು ಹೊದಿಕೆಗಳನ್ನು ಕೊಡಬೇಕೆಂದು ಕೇಳಿದರು. ಉಣ್ಣೆಯ ಕಂಬಳಿಗಳು ಬೇಕಾದಷ್ಟು ಸಿಗದಿದ್ದರೆ ಹತ್ತಿಯ ರಜಾಯಿ ಆಗಬಹುದು, ಅದಕ್ಕೆ ಬೇಕಾದದ್ದು ಅಗ್ಗದ ಬಟ್ಟೆ ಮತ್ತು ಹತ್ತಿ ಎಂದರು. ಡೇರೆಯಲ್ಲಿ ರಜಾಯಿ ಇಬ್ಬನಿಗೆ ನೆನೆಯುತ್ತದಲ್ಲ ಎಂಬ ಆಕ್ಷೇಪಣೆ ಬಂದಾಗ, ರಾತ್ರಿ ಅದರ ಮೇಲೆ ಹಳೆಯ ವೃತ್ತಪತ್ರಿಕೆಗಳನ್ನು ಹೊದಿಸಿದರೆ ಇಬ್ಬನಿ ತಾಗುವುದಿಲ್ಲವೆಂದು ಉಪಾಯ ಹೇಳಿದರು. ರಜಾಯಿಯ ಹೊಲಿಗೆ ಬಿಚ್ಚಿ, ಬಟ್ಟೆಯನ್ನು ಒಗೆದು, ಹತ್ತಿಯನ್ನು ಕೈಯಿಂದ ಹಿಂಜಿ ಮತ್ತೆ ತುಂಬಬಹುದೆಂಬ ಅನುಕೂಲವನ್ನೂ ವಿವರಿಸಿದರು.

ರಾಷ್ಟ್ರ ಹೊತ್ತಿ ಉರಿಯುತ್ತಿದ್ದಾಗ ರಾಷ್ಟ್ರಪಿತ ರಜಾಯಿ ಬಿಚ್ಚಿ ಒಗೆಯುವ ವಿಧಾನವನ್ನು ಹೇಳುತ್ತ ಕುಳಿತಿದ್ದರೆಂದು ಯಾರಿಗಾದರೂ ವಿಚಿತ್ರವೆನಿಸಬಹುದು. ನಮಗೆ ಹಾಗೆನಿಸುವುದಿಲ್ಲ. ಡೇರೆಯಲ್ಲಿ ಮಲಗಿದ ಮಗುವಿಗೆ ಆ ರಾತ್ರಿ ಸ್ವಾತಂತ್ರ್ಯದ ಅರ್ಥ ಒಂದು ಹೊದಿಕೆಯೇ ಆಗಿತ್ತು. ಹಿಂದೂ ಶಿಬಿರವೋ ಮುಸಲ್ಮಾನ ಶಿಬಿರವೋ ಎಂದು ಇಬ್ಬನಿ ಕೇಳಿಕೊಂಡು ಬೀಳುವುದಿಲ್ಲ. ಆ ಚಳಿಗಾಲ ಮುಗಿಯುವ ಮುನ್ನವೇ, 1948ರ ಜನವರಿ 30ರಂದು, ಅವರನ್ನು ಅದೇ ಬಿರ್ಲಾ ಭವನದ ಹುಲ್ಲುಹಾಸಿನ ಮೇಲೆ ಕೊಂದರು.

ಇದನ್ನು ಓದಿದಾಗ ನಮಗೆ ನಮ್ಮ ಮುನಿರ್ಕಾದ ರಾತ್ರಿ ನೆನಪಾಯಿತು. ಹಳೆಯ ಪತ್ರಿಕೆ ನಮ್ಮಲ್ಲಿಯೂ ಇತ್ತು. ಅದನ್ನು ರಜಾಯಿಯ ಮೇಲೆ ಹೊದಿಸಿದ್ದರೆ ಮಿತವ್ಯಯ, ಗವಾಕ್ಷಿಗೆ ತುರುಕಿದ್ದರಿಂದ ಮೃತ್ಯು. ವಸ್ತು ಒಂದೇ, ವಿವೇಕ ಬೇರೆ.

ಉಣ್ಣೆಯ ದಾರಿ

ಹತ್ತಿಯ ಕಥೆ ಹೀಗಾದರೆ ಉಣ್ಣೆಯದು ಇನ್ನೊಂದು. ನಮ್ಮ ನಾಡಿನಲ್ಲಿ ಕುರುಬರ ಕಂಬಳಿ ಬಹು ಹಳೆಯದು. ಹೆಂಗಸರು ನೂತ ಕರಿ ಉಣ್ಣೆಯನ್ನು ಗಂಡಸರು ಕುಣಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಹಚ್ಚಿ ಗಟ್ಟಿ ಮಾಡುತ್ತಾರೆ. ಚಳ್ಳಕೆರೆ, ಮೇಡ್ಲೇರಿಗಳ ಕಂಬಳಿಗೆ ಇಂದಿಗೂ ಹೆಸರಿದೆ. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಮದುವೆಗೆ ಗದ್ದುಗೆ, ಹೀಗೆ ಒಂದೇ ವಸ್ತು ನಾಲ್ಕು ಕೆಲಸಕ್ಕೆ. ಮಿತವ್ಯಯಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಗಿರಣಿಯ ಉಣ್ಣೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1876ರಲ್ಲಿ ಕಾನಪುರದ ಉಣ್ಣೆ ಗಿರಣಿ, 1880ರಲ್ಲಿ ಪಂಜಾಬಿನ ಧಾರಿವಾಲ್ ಗಿರಣಿ, 1884ರಲ್ಲಿ ಬೆಂಗಳೂರಿನ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಪ್ರಾರಂಭವಾದವು. ಕೊನೆಯದೇ ಮುಂದೆ ನಮ್ಮವರ ಬಾಯಲ್ಲಿ ಬಿನ್ನಿ ಮಿಲ್ ಆದದ್ದು. ಮೊದಲಿಗೆ ಇವುಗಳ ಕಣ್ಣು ಸೈನ್ಯದ ಕಂಬಳಿಗಳ ಮೇಲಿತ್ತು. ಕಾನಪುರದ ಗಿರಣಿಯ ಮಾಲು ‘ಲಾಲ್ ಇಮ್ಲಿ’, ಎಂದರೆ ಕೆಂಪು ಹುಣಸೆ, ಎಂಬ ಗುರುತಿನಿಂದ ಮನೆಮಾತಾಯಿತು. ಹಿರಿಯ ಸದಸ್ಯರ ಮನೆಗಳಲ್ಲಿ ಐವತ್ತು ವರ್ಷದ ಲಾಲ್ ಇಮ್ಲಿ ಕಂಬಳಿಯನ್ನು ನಾವೇ ಕಣ್ಣಾರೆ ಕಂಡಿದ್ದೇವೆ. ಗಿರಣಿಯನ್ನು 1981ರಲ್ಲಿ ಸರ್ಕಾರ ವಹಿಸಿಕೊಂಡಿತು. ಕಾಲಕ್ರಮದಲ್ಲಿ ಅದರ ಮಗ್ಗಗಳ ಸದ್ದು ಅಡಗಿಹೋಯಿತು. ಕಂಬಳಿಗಳು ಇನ್ನೂ ಬಾಳುತ್ತಿವೆ.

ಕಂಬಳಿ ಕೊಳ್ಳಬಹುದು, ಆದರೆ ಬೆಳೆಯುವ ಮಕ್ಕಳಿಗೆ ಪ್ರತಿ ವರ್ಷ ಸ್ವೆಟರು ಕೊಳ್ಳುವುದು ಗುಮಾಸ್ತೆಯ ಸಂಬಳಕ್ಕೆ ಆಗದ ಮಾತು. ಅದಕ್ಕೆ ಉತ್ತರ ಹೆಣಿಗೆಯ ಕಡ್ಡಿ. 1962ರ ಚೀನಾ ಯುದ್ಧದ ಚಳಿಗಾಲದಲ್ಲಿ ದೇಶದ ಉದ್ದಗಲಕ್ಕೂ ಹೆಂಗಸರು ಹಿಮಾಲಯದ ಜವಾನರಿಗಾಗಿ ಸ್ವೆಟರು ಹೆಣೆದು ಕಳುಹಿದರು. ಚಳಿಯನ್ನೇ ಕಾಣದ ಊರುಗಳಲ್ಲಿಯೂ ಹೆಣಿಗೆ ನಡೆಯಿತು. ಆಮೇಲಿನ ಎರಡು ಮೂರು ದಶಕ ದೆಹಲಿಯ ಸರ್ಕಾರಿ ಕಚೇರಿಗಳ ಹುಲ್ಲುಹಾಸಿನ ಮೇಲೆ ಮಧ್ಯಾಹ್ನದ ಬಿಡುವಿನಲ್ಲಿ ಕಡ್ಡಿ ಆಡಿಸುವ ಮಹಿಳಾ ನೌಕರರು ಸಾಮಾನ್ಯ ದೃಶ್ಯವಾಗಿದ್ದರು. ವ್ಯಂಗ್ಯಚಿತ್ರಕಾರರಿಗೆ ಅದೊಂದು ವಸ್ತುವೇ ಆಗಿತ್ತು. ನಗುವವರು ನಗಲಿ. ಬಿಡುವಿನ ಅರ್ಧ ಗಂಟೆಯಲ್ಲಿ ಅವರು ಮನೆಯ ಒಂದು ತಿಂಗಳ ಹಾಲಿನ ಹಣವನ್ನು ಉಳಿಸುತ್ತಿದ್ದರು.

ಅವರಿಂದ ನಮ್ಮ ಮನೆಯವರು ಕಲಿತದ್ದು ಬಿಚ್ಚಿ ಹೆಣೆಯುವ ವಿದ್ಯೆಯನ್ನು. ಚಿಕ್ಕದಾದ ಸ್ವೆಟರಿನ ಹೊಲಿಗೆ ಬಿಡಿಸಿ, ನೂಲನ್ನು ಎಳೆದು ಕುರ್ಚಿಯ ಬೆನ್ನಿಗೆ ಲಡಿ ಸುತ್ತಬೇಕು. ನಾಲ್ಕು ಕಡೆ ಸಡಿಲಾಗಿ ಕಟ್ಟಿ, ಉಗುರುಬೆಚ್ಚನೆಯ ನೀರಿನಲ್ಲಿ ಜಾಲಿಸಿ, ಕೆಳಗೆ ಒಂದು ಸಣ್ಣ ಭಾರ ಕಟ್ಟಿ ನೆರಳಿನಲ್ಲಿ ತೂಗುಬಿಟ್ಟರೆ ಸುರುಳಿ ಸುರುಳಿಯಾಗಿದ್ದ ನೂಲು ನೆಟ್ಟಗಾಗುತ್ತದೆ. ಅದಕ್ಕೆ ಬೇರೆ ಬಣ್ಣದ ಒಂದೆರಡು ಉಂಡೆ ಹೊಸ ನೂಲು ಕೂಡಿಸಿದರೆ ದೊಡ್ಡ ಸ್ವೆಟರು ಸಿದ್ಧ. ಮೊಣಕೈಗೆ ಎರಡೆಳೆ ಹಾಕಿದರೆ ಬೇಗ ಸವೆಯದು. ನಮ್ಮ ಮಗನ ಮೊದಲ ಸ್ವೆಟರಿನ ನೀಲಿ ನೂಲು ಮೂರು ಸ್ವೆಟರು ದಾಟಿ ಈಗ ನಮ್ಮ ಕಿವಿಯ ಮೇಲಿನ ಟೊಪ್ಪಿಗೆಯಾಗಿದೆ!

ಹೆಣೆಯಲು ಬಾರದವರಿಗೆ ಟಿಬೆಟಿಯನ್ನರ ಅಂಗಡಿ ಇತ್ತು. 1959ರ ಬಳಿಕ ನಾಡು ಬಿಟ್ಟು ಬಂದ ಅವರು ಚಳಿಗಾಲದಲ್ಲಿ ಭಾರತದ ನಗರಗಳಲ್ಲಿ ಸ್ವೆಟರು ಮಾರುವುದನ್ನು ಜೀವನೋಪಾಯ ಮಾಡಿಕೊಂಡರು. ಮಾಲು ಬಹುತೇಕ ಲೂಧಿಯಾನದ್ದು. ನಮ್ಮ ಬೈಲಕುಪ್ಪೆ, ಮುಂಡಗೋಡಗಳ ವಸಾಹತುಗಳಿಂದಲೂ ಕುಟುಂಬಗಳು ಬೇಸಾಯದ ಕೆಲಸ ಮುಗಿಸಿ ಹೀಗೆ ಹೊರಡುತ್ತವೆ. ದೆಹಲಿಯ ಫುಟ್‌ಪಾತಿನಲ್ಲಿ ಒಬ್ಬ ಟಿಬೆಟಿಯನ್ ಹೆಣ್ಣುಮಗಳು ನಮ್ಮ ಮಾತು ಕೇಳಿ “ಕಡಿಮೆ ಮಾಡ್ತೀನಿ, ತಗೊಳ್ಳಿ” ಎಂದು ಅಚ್ಚಗನ್ನಡದಲ್ಲಿ ಹೇಳಿದಾಗ ಆದ ಸಂತೋಷವನ್ನು ಬಂಧುಗಳೇ ಊಹಿಸಬಹುದು. ಆ ದಿನ ಚೌಕಾಸಿ ಮಾಡಲು ನಮಗೆ ಮನಸ್ಸು ಬರಲಿಲ್ಲ.

ಹಳೆಯ ಬಟ್ಟೆಯ ಮರುಜನ್ಮ

ಬಿಚ್ಚಿ ಹೆಣೆಯಲೂ ಆಗದಷ್ಟು ಸವೆದ ಉಣ್ಣೆಯ ಗತಿಯೇನು? ಅದಕ್ಕೂ ಒಂದು ಚರಿತ್ರೆ ಇದೆ. ಇಂಗ್ಲೆಂಡಿನ ಯಾರ್ಕ್‌ಶೈರಿನ ಬ್ಯಾಟ್ಲಿ ಎಂಬ ಊರಿನಲ್ಲಿ 1813ರ ಸುಮಾರಿಗೆ ಬೆಂಜಮಿನ್ ಲಾ ಎಂಬಾತ ಉಣ್ಣೆಯ ಚಿಂದಿಗಳನ್ನು ಸೀಳಿ ಮತ್ತೆ ನೂಲಾಗಿಸುವ ಪದ್ಧತಿಯನ್ನು ರೂಢಿಗೆ ತಂದ. ಆ ನೂಲಿನ ಹೆಸರು ಶಾಡಿ. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಉದ್ಯಮದ ದೊಡ್ಡ ಪಾಲು ದೆಹಲಿಗೆ ಕೇವಲ 90 ಕಿಲೋಮೀಟರಿನಷ್ಟು ದೂರದ ಪಾಣಿಪತಕ್ಕೆ ಬಂದಿತ್ತು. ಪಶ್ಚಿಮ ದೇಶಗಳವರು ಬಿಸಾಡಿದ ಕೋಟು, ಸ್ವೆಟರುಗಳನ್ನು ಅಲ್ಲಿ ಬಣ್ಣವಾರು ವಿಂಗಡಿಸಿ, ಗುಂಡಿ, ಜಿಪ್ಪುಗಳನ್ನು ಕತ್ತರಿಸಿ, ಸೀಳಿ, ನೂತು ಕಂಬಳಿ ಮಾಡುತ್ತಾರೆ. ಮೂರು ಯುದ್ಧಗಳ ಪಾಣಿಪತವನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದೆವು. ಪ್ರವಾಹ, ಭೂಕಂಪಗಳಲ್ಲಿ ಹಂಚುವ ಬೂದು ಕಂಬಳಿ ಪಾಣಿಪತದ್ದೆಂದು ಯಾವ ಮೇಷ್ಟ್ರೂ ಹೇಳಲಿಲ್ಲ. ಈಚೆಗೆ ಅಗ್ಗದ ಪಾಲಿಯೆಸ್ಟರ್ ಹೊದಿಕೆಗಳು ಬಂದು ಆ ಕಂಬಳಿಯ ಮಾರುಕಟ್ಟೆಯನ್ನೂ ಕುಗ್ಗಿಸಿವೆ.

ಈ ತತ್ವ ನಮ್ಮ ಅಜ್ಜಿಯಂದಿರಿಗೆ ಗೊತ್ತೇ ಇತ್ತು. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಇಟ್ಟು ಸಾಲು ಹೊಲಿಗೆ ಹಾಕಿದ ಕೌದಿ ಏನು? ಪದರದ ನಡುವೆ ಗಾಳಿ, ಹೊಲಿಗೆಯ ನಡುವೆ ನೆನಪು. ತಾಯಿಯ ಕೌದಿಯನ್ನು ನಾವು ಮೊದಲ ಚಳಿಗಾಲದಲ್ಲಿ ಸಾಲದ್ದೆಂದು ಮೂಲೆಗೆ ಹಾಕಿದ್ದೆವು. ಆ ಧುನಿಯಾ ಅದನ್ನು ನೋಡಿ, ರಜಾಯಿಯ ಒಳಗಡೆ ಮೈಗೆ ತಾಗುವಂತೆ ಹೊದೆಯಿರಿ, ರಜಾಯಿ ಕೊಳೆಯಾಗುವುದಿಲ್ಲ, ಬಿಸಿಯೂ ಹೆಚ್ಚು ಎಂದ. ಹಾಗೆಯೇ ಮಾಡಿದೆವು. ಒಂದು ದಪ್ಪ ಹೊದಿಕೆಗಿಂತ ಎರಡು ಪದರ ಮೇಲೆಂಬುದು ಅಂದಿನಿಂದ ನಮ್ಮ ಮನೆಯ ನಿಯಮ.

ಈ ಸಲದ ಚಳಿಗೆ

ಈಗ ದೆಹಲಿಯ ಚಹರೆ ಬದಲಾಗಿದೆ. ಸರೋಜಿನಿ ನಗರ, ನೇತಾಜಿ ನಗರ ಮೊದಲಾದ ಏಳು ಸರ್ಕಾರಿ ಕಾಲೋನಿಗಳನ್ನು ಹೊಸದಾಗಿ ಕಟ್ಟಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ರಜಾಯಿಗಳು ಮಲಗುತ್ತಿದ್ದ ಹುಲ್ಲುಹಾಸುಗಳ ಜಾಗದಲ್ಲಿ ಗೋಪುರಗಳು ಎದ್ದಿವೆ. ಬಿಲ್ಲು ಹೊತ್ತ ಧುನಿಯಾ ನಮ್ಮ ಓಣಿಗೆ ಬಂದು ಹಲವು ವರ್ಷಗಳಾದವು. ಹತ್ತಿ ಹಿಂಜುವ ಯಂತ್ರದ ಅಂಗಡಿಗೆ ನಾವೇ ಮೂಟೆ ಹೊತ್ತು ಹೋಗುತ್ತೇವೆ. ಚಳಿ ಮಾತ್ರ ಬದಲಾಗಿಲ್ಲ. 2019ರ ಡಿಸೆಂಬರ್ 30ರಂದು ಸಫ್ದರ್‌ಜಂಗಿನಲ್ಲಿ ಹಗಲಿನ ಗರಿಷ್ಠ ಉಷ್ಣಾಂಶವೇ 9.4 ಡಿಗ್ರಿ. 1901ರಿಂದೀಚೆಗೆ ಡಿಸೆಂಬರಿನಲ್ಲಿ ಅಷ್ಟು ತಣ್ಣನೆಯ ಹಗಲು ಇರಲಿಲ್ಲವೆಂದು ಹವಾಮಾನ ಇಲಾಖೆ ಹೇಳಿತು.

ನಮ್ಮ ಅನುಭವದ ಸಾರವನ್ನು ಹೊಸದಾಗಿ ಬಂದ ಕುಟುಂಬಗಳಿಗಾಗಿ ಇಲ್ಲಿ ಹೇಳಿ ಮುಗಿಸುತ್ತೇವೆ. ಅಕ್ಟೋಬರಿನಲ್ಲಿಯೇ ಹೊದಿಕೆಗಳನ್ನು ಎರಡು ಮೂರು ದಿನ ಬಿಸಿಲಿಗೆ ಹಾಕಿ, ಸಂಜೆಯ ತೇವ ಇಳಿಯುವ ಮುನ್ನ ಒಳಗೆ ತನ್ನಿ. ಹೊಸ ರಜಾಯಿ ಕೊಳ್ಳುವ ಮುಂಚೆ ಹಳೆಯದನ್ನು ಹಿಂಜಿಸಿ ನೋಡಿ. ಹಾಸಿಗೆಯ ಕೆಳಗಿನಿಂದಲೂ ಚಳಿ ಬರುತ್ತದೆ. ಮೇಲೆ ಎಷ್ಟು ಹೊದೆಯುತ್ತೀರೋ ಕೆಳಗೂ ಅಷ್ಟು ಹಾಸಿ, ಹಳೆಯ ಪತ್ರಿಕೆಯಾದರೂ ಆದೀತು. ಉಣ್ಣೆಯನ್ನು ಬಿಚ್ಚಿ ಹೆಣೆಯಿರಿ, ಇಲ್ಲವೆ ಚಿಕ್ಕ ಮಕ್ಕಳಿರುವ ಮನೆಗೆ ಕೊಡಿ. ಕೆಂಡವನ್ನಾಗಲಿ ಇದ್ದಲನ್ನಾಗಲಿ ಮಲಗುವ ಕೋಣೆಗೆ ತರಲೇಬೇಡಿ. ಗ್ಯಾಸಿನ ಗೀಜರು ಇರುವ ಸ್ನಾನದ ಮನೆಯ ಗವಾಕ್ಷಿಯನ್ನು ಎಂದೂ ಮುಚ್ಚಬೇಡಿ.

ಕೊನೆಯದಾಗಿ ಒಂದು ಮಾತು. ನಮಗೆ ಫೆಬ್ರವರಿಯವರೆಗೆ ಕೊಟ್ಟ ಆ ಎರಡು ರಜಾಯಿಗಳನ್ನು ನಾವು ಒಗೆಸಿ, ಹಿಂಜಿಸಿ ಹಿಂದಿರುಗಿಸಲು ಹೋದಾಗ ಆ ಯಜಮಾನಿತಿ ಒಂದನ್ನೇ ತೆಗೆದುಕೊಂಡರು. ಇನ್ನೊಂದು ಮುಂದಿನ ಚಳಿಗಾಲದಲ್ಲಿ ನಿಮ್ಮ ಹಾಗೆ ಯಾರಾದರೂ ಬಂದರೆ ಅವರಿಗಿರಲಿ ಎಂದರು. ಅಂದಿನಿಂದ ಆ ರಜಾಯಿ ಊರಿನಿಂದ ಹೊಸದಾಗಿ ಬಂದ ಐದು ಕನ್ನಡ ಕುಟುಂಬಗಳಲ್ಲಿ ಒಂದೊಂದು ಚಳಿಗಾಲ ಕಳೆದು ಬಂದಿದೆ. ತಾಯಿ ತೀರಿಕೊಂಡು ಆರು ವರ್ಷವಾಯಿತು. ಅವರ ಕೌದಿ ನಮ್ಮಲ್ಲಿದೆ. ರಜಾಯಿಯನ್ನು ಈ ವಾರ ಬಿಸಿಲಿಗೆ ಹಾಕಿದ್ದೇವೆ. ಬೇಕಾದವರು ಬಂದು ಒಯ್ಯಬಹುದು.